ಇಂಗ್ಲೆಂಡಿನ ಹಳೇ ಇಟ್ಟಿಗೆ ಸಾಲುಮನೆ: ತೇವದ ಗೋಡೆಗೆ ಸಿಮೆಂಟ್ ಬಳಿಯುವ ಮುನ್ನ

ಪ್ರಶ್ನೆ: ನಾವು ಇಂಗ್ಲೆಂಡಿನ ಡರ್ಬಿ ಹತ್ತಿರದ ಒಂದು ಊರಲ್ಲಿದ್ದೇವೆ. ಕೊಳ್ಳೋಣ ಅಂತ ಒಂದು ಮನೆ ನೋಡಿದ್ದೇವೆ. 1860ರ ದಶಕದ್ದು, ಕೆಂಪು ಇಟ್ಟಿಗೆಯದು, ಎಂಟು ಮನೆಗಳ ಸಾಲಿನಲ್ಲಿ ಐದನೆಯದು. ಇಡೀ ಸಾಲು ಗ್ರೇಡ್ 2 ಲಿಸ್ಟೆಡ್, ಅಂದರೆ ಕಾನೂನಿನ ರಕ್ಷಣೆ ಇರುವ ಹಳೇ ಕಟ್ಟಡಗಳ ಪಟ್ಟಿಯಲ್ಲಿದೆ. ಮನೆ ತುಂಬ ಇಷ್ಟವಾಗಿದೆ. ಆದರೆ ಮುಂದಿನ ಕೋಣೆಯ ಗೋಡೆಯಲ್ಲಿ ನೆಲದಿಂದ ಮೂರಡಿವರೆಗೆ ತೇವ ಇದೆ, ಬಣ್ಣ ಉದುರುತ್ತಿದೆ. ನೋಡಲು ಬಂದ ಕಂಪನಿಯವರು ಗೋಡೆಗೆ ರಾಸಾಯನಿಕ ಇಂಜೆಕ್ಷನ್ ಹಾಕಿಸಬೇಕು, ಅಂದರೆ ಬುಡದಲ್ಲಿ ರಂಧ್ರ ಕೊರೆದು ನೀರು ತಡೆಯುವ ರಾಸಾಯನಿಕ ತುಂಬಿಸಬೇಕು ಅಂದರು. ಹಾಸನದಿಂದ ಬಂದಿರುವ ನಮ್ಮ ತಂದೆ ಒಳಗೂ ಹೊರಗೂ ಗಟ್ಟಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ಅನ್ನುತ್ತಾರೆ. ಯಾವುದು ಸರಿ? ಕಿಟಕಿಗಳಿಗೆ ಡಬಲ್ ಗ್ಲಾಸ್ ಹಾಕಿಸಬಹುದಾ? ಅಡುಗೆಮನೆಗೂ ಹಿಂದಿನ ಕೋಣೆಗೂ ನಡುವಿನ ಗೋಡೆ ತೆಗೆಯಬಹುದಾ? ಲಿಸ್ಟೆಡ್ ಮನೆಯಲ್ಲಿ ಒಂದು ಮೊಳೆ ಹೊಡೆಯಲೂ ಅನುಮತಿ ಬೇಕು ಅಂತಾರಲ್ಲ, ನಿಜವಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಇಂಜೆಕ್ಷನ್ ಸದ್ಯಕ್ಕೆ ಬೇಡ. ಸಿಮೆಂಟ್ ಯಾವತ್ತೂ ಬೇಡ. ಮನೆ ಮನಸ್ಸಿಗೆ ಬಂದಿದ್ದರೆ ಮೂರಡಿ ತೇವ ನೋಡಿ ಹೆದರಿ ಬಿಟ್ಟುಬಿಡಬೇಡಿ. ನಾನು ಇಂಗ್ಲೆಂಡಿನಲ್ಲಿ ಇಂಥ ಮನೆಗಳ ದುರಸ್ತಿ ಕೆಲಸವನ್ನೇ ಮಾಡಿಕೊಂಡು ಬಂದವನು. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ತೇವಕ್ಕೆ ಕಾರಣ ಗೋಡೆಯಾಗಿರಲಿಲ್ಲ. ಗೋಡೆಗೆ ಆಮೇಲೆ ಯಾರೋ ಮಾಡಿಸಿದ ಕೆಲಸವಾಗಿತ್ತು.

ನಿಮ್ಮ ತಂದೆಯವರು ಹೇಳಿದ್ದು ಅವರು ನೋಡಿರುವ ಮನೆಗಳಿಗೆ ಸರಿಯಾದ ಮಾತೇ. ಸಿಮೆಂಟಲ್ಲಿ ಕಟ್ಟಿದ ಗೋಡೆ, ಪಾಯದ ಮೇಲೆ ಕಾಂಕ್ರೀಟ್ ಪಟ್ಟಿ, ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್: ಎಲ್ಲ ಒಂದೇ ಜಾತಿ, ಹೊಂದಿಕೊಳ್ಳುತ್ತವೆ. ಆದರೆ ಅವರನ್ನೇ ಒಂದು ಮಾತು ಕೇಳಿ ನೋಡಿ, ಅವರ ಅಜ್ಜನ ಕಾಲದ ಮನೆಯನ್ನು ಯಾವುದರಲ್ಲಿ ಕಟ್ಟಿದ್ದರು ಅಂತ. ಸುಣ್ಣ, ಮರಳು, ಇಟ್ಟಿಗೆ ಪುಡಿಯ ಸುರ್ಕಿ ಹಾಕಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದ ಗಾರೆ ಅಲ್ವಾ? ಕೆಲವು ಕಡೆ ಬೆಲ್ಲದ ನೀರು, ಅಳಲೆಕಾಯಿ ನೀರು ಕೂಡ ಸೇರಿಸುತ್ತಿದ್ದರು. ಕನ್ನಂಬಾಡಿ ಕಟ್ಟೆ ಕಟ್ಟಿದ್ದೂ ಸುರ್ಕಿ ಗಾರೆಯಲ್ಲೇ. ನೀವು ನೋಡಿರುವ ಮನೆ ಆ ಜಾತಿಯದು. ಅದು ಗಾರೆ ಮನೆ. ಇಷ್ಟನ್ನು ಹಿಡಿದುಕೊಂಡರೆ ನಿಮ್ಮ ಎಲ್ಲ ಪ್ರಶ್ನೆಗಳಿಗೂ ಉತ್ತರ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಯಾಕೆಂದರೆ ಏನು ಕೊಳ್ಳುತ್ತಿದ್ದೀರಿ ಅನ್ನುವುದು ಗೊತ್ತಿರಬೇಕು. ಅಲ್ಲಿ ಟೆರೇಸ್ ಅಂದರೆ ನಮ್ಮ ತಾರಸಿ ಅಲ್ಲ, ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು. ಅಗ್ರಹಾರದ ಬೀದಿ ನೆನಪಿಸಿಕೊಳ್ಳಿ: ಒಂದೇ ಗೆರೆಯಲ್ಲಿ ಮನೆಗಳು, ಪಕ್ಕದವರ ಗೋಡೆಯೇ ನಮ್ಮ ಗೋಡೆ, ಬೀದಿಗೆ ಕಿರಿದಾದ ಮುಖ, ಹಿಂದೆ ಉದ್ದಕ್ಕೆ ಹಿತ್ತಲು. ವ್ಯತ್ಯಾಸ ಏನೆಂದರೆ ಇಂಗ್ಲೆಂಡಿನ ಈ ಸಾಲುಗಳನ್ನು ಸಾಮಾನ್ಯವಾಗಿ ಒಬ್ಬನೇ ಮಾಲೀಕ, ಒಂದೇ ಸಲಕ್ಕೆ, ಬಾಡಿಗೆಗೆ ಕೊಡಲು ಕಟ್ಟಿಸಿದ. ರೈಲ್ವೆ ಕಂಪನಿ, ಗಿರಣಿ ಮಾಲೀಕ, ಗಣಿ ಮಾಲೀಕ, ಇಲ್ಲವೇ ಸಣ್ಣ ಬಂಡವಾಳ ಹಾಕಿದ ಊರಿನ ಕಟ್ಟಡದ ಮೇಸ್ತ್ರಿ. ಕೆಳಗೆ ಎರಡು ಕೋಣೆ, ಮೇಲೆ ಎರಡು ಕೋಣೆ, ಹಿಂದೆ ಪಾತ್ರೆ ಬಟ್ಟೆ ತೊಳೆಯುವ ಸಣ್ಣ ಕೋಣೆ, ಹಿತ್ತಲ ತುದಿಯಲ್ಲಿ ಕಕ್ಕಸು, ಅದರಾಚೆ ಗಲ್ಲಿ.

ನೀವು ಡರ್ಬಿ ಹತ್ತಿರವೇ ಇರುವುದರಿಂದ ಒಂದು ಭಾನುವಾರ ಡರ್ಬಿ ರೈಲ್ವೆ ನಿಲ್ದಾಣದ ಎದುರಿಗಿರುವ ರೈಲ್ವೆ ಮನೆಗಳನ್ನು ನೋಡಿಕೊಂಡು ಬನ್ನಿ. ನಾರ್ತ್ ಮಿಡ್‌ಲ್ಯಾಂಡ್ ರೈಲ್ವೆ 1840ರಲ್ಲಿ ಡರ್ಬಿಯಿಂದ ಲೀಡ್ಸ್‌ಗೆ ಗಾಡಿ ಓಡಿಸಲು ಶುರು ಮಾಡಿತು. ಆ ಕೆಲಸಗಾರರು ಉಳಿಯಲು ಮನೆ ಬೇಕಾಯಿತು. ನಿಲ್ದಾಣಗಳನ್ನು ವಿನ್ಯಾಸ ಮಾಡಿದ ಫ್ರಾನ್ಸಿಸ್ ಥಾಂಪ್ಸನ್ ಅವರೇ ಈ ಮನೆಗಳನ್ನೂ ವಿನ್ಯಾಸ ಮಾಡಿದರು. ತ್ರಿಕೋನದ ಜಾಗದಲ್ಲಿ ಇಟ್ಟಿಗೆಯ ಸಾಲುಗಳು, ಮೊನೆಯಲ್ಲಿ ಬ್ರನ್ಸ್‌ವಿಕ್ ಇನ್ ಅನ್ನುವ ಪಬ್. ಕೂಲಿಯವರಿಗೆ ಕಟ್ಟಿದ ಮನೆ ಅಂತ ಕೈಗೆ ಬಂದ ಹಾಗೆ ಕಟ್ಟಿಲ್ಲ. ಕಿಟಕಿಯಿಂದ ಕಿಟಕಿಗೆ ಬಿಟ್ಟ ಅಂತರ, ಬಾಗಿಲುಗಳು ಬರುವ ಲಯ, ಸೂರಿನ ಗೆರೆ, ಎಲ್ಲಕ್ಕೂ ಲೆಕ್ಕ ಇದೆ. 1970ರ ದಶಕದಲ್ಲಿ ಇವುಗಳನ್ನು ಕೆಡವಿಬಿಡುವ ಮಾತು ನಡೆದಿತ್ತು. ಡರ್ಬಿಶೈರ್ ಹಿಸ್ಟಾರಿಕ್ ಬಿಲ್ಡಿಂಗ್ಸ್ ಟ್ರಸ್ಟ್ ಮುಂದೆ ಬಂದು ರಿಪೇರಿ ಮಾಡಿಸಿ ಮಾರಿತು. ಈಗ ಅಲ್ಲಿ ಜನ ವಾಸವಿದ್ದಾರೆ, ಬಟ್ಟೆ ಒಣಗುತ್ತಿದೆ, ಬಾಗಿಲ ಮುಂದೆ ಹೂವಿನ ಕುಂಡ ಇದೆ. ಹಳೇ ಸಾಲುಮನೆ ಹೇಗೆ ಉಳಿಯುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಅಲ್ಲಿಗೇ ಕಳಿಸುತ್ತೇನೆ.

ನಿಮ್ಮ ಸಾಲು ಅದಕ್ಕಿಂತ ಸುಮಾರು ಇಪ್ಪತ್ತು ವರ್ಷ ಚಿಕ್ಕದು. ಆ ಇಪ್ಪತ್ತು ವರ್ಷದಲ್ಲಿ ಮೂರು ತೆರಿಗೆಗಳು ಹೋದವು. 1845ರಲ್ಲಿ ಗಾಜಿನ ತೆರಿಗೆ, 1850ರಲ್ಲಿ ಇಟ್ಟಿಗೆ ತೆರಿಗೆ, 1851ರಲ್ಲಿ ಕಿಟಕಿ ತೆರಿಗೆ. ಹೌದು, ಮನೆಗೆ ಎಷ್ಟು ಕಿಟಕಿ ಅಂತ ಎಣಿಸಿ ತೆರಿಗೆ ಹಾಕುತ್ತಿದ್ದ ಕಾಲ ಅದು. ಇದರ ಗುರುತು ನಿಮ್ಮ ಮನೆಯ ಮುಖದಲ್ಲೇ ಸಿಗಬಹುದು. ಮೇಲೊಂದು ಕೆಳಗೊಂದು ಪಡಿ ಇದ್ದು ಮೇಲೆ ಕೆಳಗೆ ಜಾರುವ ಕಿಟಕಿಗಳಿವು. ಹಳೆಯವುಗಳಲ್ಲಿ ಚಿಕ್ಕಚಿಕ್ಕ ಗಾಜಿನ ಚೌಕಗಳು ಜಾಸ್ತಿ ಇರುತ್ತಿದ್ದವು. 1850ರ ನಂತರ ಒಂದೊಂದು ಪಡಿಗೆ ಎರಡೇ ದೊಡ್ಡ ಗಾಜು ಬರತೊಡಗಿತು. ಗಾಜು ದೊಡ್ಡದಾದಷ್ಟೂ ಭಾರ. ಚೌಕಟ್ಟಿನ ಮೂಲೆ ಬಿಚ್ಚಿಕೊಳ್ಳದಿರಲಿ ಅಂತ ಮೇಲಿನ ಪಡಿಯ ಕೆಳಮೂಲೆಗಳಲ್ಲಿ ಮರದ ಸಣ್ಣ ಕೊಂಬು ಬಿಟ್ಟರು. ಆ ಕೊಂಬು ಇದೆಯಾ ನೋಡಿ. ಇದ್ದರೆ ಅದು ಮೂಲ ಕಿಟಕಿಯೇ ಆಗಿರುವ ಸಾಧ್ಯತೆ ಚೆನ್ನಾಗಿದೆ.

ಈಗ ಗೋಡೆಗೆ ಬರೋಣ. ಇದೇ ಮುಖ್ಯ, ಇಲ್ಲಿ ನಿಧಾನವಾಗಿ ಹೋಗೋಣ.

ಮುಂದಿನ ಗೋಡೆಯ ಎದುರು ನಿಂತು ಒಂದು ವರಸೆಯನ್ನು ಎಡದಿಂದ ಬಲಕ್ಕೆ ಓದಿ. ಒಂದು ಇಟ್ಟಿಗೆಯ ಉದ್ದ ಮುಖ, ಪಕ್ಕದ್ದರ ಅಡ್ಡ ಮುಖ, ಮತ್ತೆ ಉದ್ದ, ಮತ್ತೆ ಅಡ್ಡ ಬಂದರೆ ಅದು ಫ್ಲೆಮಿಶ್ ಬಾಂಡ್. ಅಡ್ಡ ಮುಖ ಕಾಣುವ ಇಟ್ಟಿಗೆ ಗೋಡೆಯ ದಪ್ಪಕ್ಕೆ ಒಳಗೆ ಹೋಗಿ ಎರಡೂ ಪದರಗಳನ್ನು ಹೊಲಿಗೆ ಹಾಕಿದ ಹಾಗೆ ಹಿಡಿದಿರುತ್ತದೆ. ಅಂದರೆ ಗೋಡೆ ಗಟ್ಟಿ, ಒಂಬತ್ತು ಇಂಚು ದಪ್ಪ, ನಡುವೆ ಖಾಲಿ ಜಾಗ ಇಲ್ಲ. ಎರಡು ಪದರದ ನಡುವೆ ಗಾಳಿ ಬಿಟ್ಟು ಕಟ್ಟುವ ಗೋಡೆ ಇಂಗ್ಲೆಂಡಿನಲ್ಲಿ ಮಾಮೂಲಿಯಾದದ್ದು 1920ರ ಆಸುಪಾಸಿನ ನಂತರ. ಹಿಂದಿನ ಗೋಡೆಗೆ ಹೋದರೆ ಲೆಕ್ಕ ಬದಲಾಗಬಹುದು: ಮೂರೋ ಐದೋ ವರಸೆ ಬರೀ ಉದ್ದ ಮುಖ, ಆಮೇಲೆ ಒಂದು ವರಸೆ ಅಡ್ಡ ಮುಖ. ಇಟ್ಟಿಗೆಯೂ ಒರಟು, ಬಣ್ಣವೂ ಒಂದೇ ಸಮ ಇಲ್ಲ. ಬೀದಿಗೆ ಕಾಣುವ ಕಡೆ ಒಳ್ಳೆಯ ಇಟ್ಟಿಗೆ, ಹಿತ್ತಲ ಕಡೆ ಸಾಧಾರಣದ್ದು; ಎಲ್ಲರೂ ಹಾಗೇ ಕಟ್ಟಿದರು. ನನಗಂತೂ ಹಿಂದಿನ ಗೋಡೆ ನೋಡುವುದೇ ಜಾಸ್ತಿ ಇಷ್ಟ. ಮೇಸ್ತ್ರಿಯ ನಿಜವಾದ ಕೈ ಅಲ್ಲಿ ಗೊತ್ತಾಗುತ್ತದೆ.

ಇಟ್ಟಿಗೆ ಮೆದುವಾದದ್ದು. ಸುತ್ತಮುತ್ತಲಿನ ಮಣ್ಣು, ಅಲ್ಲೇ ಸುಟ್ಟದ್ದು. ನೀರು ಹೀರುತ್ತದೆ. ಅದನ್ನು ಕಟ್ಟಿದ ಗಾರೆ ಇಟ್ಟಿಗೆಗಿಂತಲೂ ಮೆದು. ಜನ ತಪ್ಪು ತಿಳಿಯುವುದು ಇಲ್ಲೇ. ಮೆದು ಅಂದರೆ ಕಳಪೆ ಅಂದುಕೊಳ್ಳುತ್ತಾರೆ. ಮಳೆ ಬಿದ್ದಾಗ ಗೋಡೆ ಸ್ವಲ್ಪ ನೀರು ಕುಡಿಯುತ್ತದೆ, ಬಿಸಿಲು ಗಾಳಿ ಬಂದಾಗ ಆ ನೀರು ಸಂದಿನ ಗಾರೆಯ ಮೂಲಕ ಹೊರಗೆ ಹೋಗುತ್ತದೆ. ಗಾರೆಯೇ ಗೋಡೆಯ ಮೂಗು. ಗೋಡೆ ಸ್ವಲ್ಪ ಅಲ್ಲಾಡಿದರೆ, ಪಾಯ ಕೂತರೆ, ಗಾರೆ ಬಾಗಿಕೊಡುತ್ತದೆ, ಇಟ್ಟಿಗೆ ಒಡೆಯುವುದಿಲ್ಲ. ನೂರು ವರ್ಷಕ್ಕೊಮ್ಮೆ ಸಂದಿನ ಗಾರೆ ಸವೆದು ಹೋಗುತ್ತದೆ, ಆಗ ಹೊಸದು ತುಂಬುತ್ತೀರಿ. ಸವೆಯುವುದು ಅದರ ಕೆಲಸ. ಸವೆಯಬೇಕಾದ್ದು ಗಾರೆ, ಉಳಿಯಬೇಕಾದ್ದು ಇಟ್ಟಿಗೆ.

ಈಗ ಆ ಸಂದಿಗೆ ಸಿಮೆಂಟ್ ತುಂಬಿದರೆ ಏನಾಗುತ್ತದೆ ನೋಡಿ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಲೀಡ್ಸ್‌ನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ನಿಮ್ಮ ಮನೆ ಕಟ್ಟುವ ಹೊತ್ತಿಗೆ ಸಿಮೆಂಟ್ ಇತ್ತು, ಆದರೆ ಇಂಥ ಸಾಮಾನ್ಯ ಮನೆಗೆ ಯಾರೂ ಬಳಸುತ್ತಿರಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಅದು ಅಗ್ಗವಾಯಿತು, ಬೇಗ ಗಟ್ಟಿಯಾಗುತ್ತದೆ, ಮೇಸ್ತ್ರಿಗಳಿಗೆ ಸುಲಭ. ಸವೆದ ಸಂದುಗಳಿಗೆಲ್ಲ ಸಿಮೆಂಟ್ ಪಾಯಿಂಟಿಂಗ್ ಮಾಡಿದರು. ಸಂದು ಮುಚ್ಚಿತು. ಗೋಡೆಯೊಳಗಿನ ನೀರಿಗೆ ಹೊರಗೆ ಹೋಗಲು ಇಟ್ಟಿಗೆಯ ಮುಖ ಬಿಟ್ಟು ಬೇರೆ ದಾರಿ ಇಲ್ಲ. ನೀರಿನ ಜೊತೆ ಬಂದ ಉಪ್ಪು ಇಟ್ಟಿಗೆಯ ಮುಖದ ಹಿಂದೆಯೇ ಹರಳು ಕಟ್ಟುತ್ತದೆ. ಚಳಿಗಾಲದಲ್ಲಿ ಅದೇ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ. ಇಟ್ಟಿಗೆಯ ಮುಖ ಚಕ್ಕೆಚಕ್ಕೆಯಾಗಿ ಎದ್ದು ಬೀಳುತ್ತದೆ. ಕೊನೆಗೆ ಸಿಮೆಂಟಿನ ಸಂದು ಜೇನುಗೂಡಿನ ಅಂಚಿನ ಹಾಗೆ ಹೊರಗೆ ನಿಂತಿರುತ್ತದೆ, ಇಟ್ಟಿಗೆ ಒಳಗೆ ಹೋಗಿರುತ್ತದೆ. ಇಂಥ ಗೋಡೆ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಮನೆಯವರು ದುಡ್ಡು ಕೊಟ್ಟು, ಒಳ್ಳೆಯದಾಗಲಿ ಅಂತಲೇ ಮಾಡಿಸಿದ್ದು ಅದು. ಚಕ್ಕೆ ಎದ್ದ ಇಟ್ಟಿಗೆಯ ಮುಖವನ್ನು ಮತ್ತೆ ಹಚ್ಚಲಾಗುವುದಿಲ್ಲ.

ಗುರುತಿಸುವುದು ಕಷ್ಟ ಅಲ್ಲ. ಸಿಮೆಂಟ್ ಸಂದು ಬೂದು ಬಣ್ಣ, ಉಗುರಿಗೆ ಕೀಲಿಕೈಗೆ ಜಗ್ಗುವುದಿಲ್ಲ. ಗಾರೆಯ ಸಂದು ಕೆನೆ ಬಣ್ಣ ಅಥವಾ ಸ್ಥಳೀಯ ಮರಳಿನ ಬಣ್ಣ, ಅದರೊಳಗೆ ಅಲ್ಲಲ್ಲಿ ಸುಣ್ಣದ ಬಿಳಿ ಚುಕ್ಕೆ ಕಾಣುತ್ತದೆ, ಕೆರೆದರೆ ಸ್ವಲ್ಪ ಉದುರುತ್ತದೆ. ಆ ಬಿಳಿ ಚುಕ್ಕೆ ನೋಡಿದರೆ ಮೈಸೂರು ಕಡೆಯ ಹಳೇ ಮನೆಗಳನ್ನು ನೋಡಿದ ಯಾರಿಗಾದರೂ ಪರಿಚಯದವರು ಸಿಕ್ಕ ಹಾಗಾಗುತ್ತದೆ.

ಹಾಗಾದರೆ ನಿಮ್ಮ ಮೂರಡಿ ತೇವ ಎಲ್ಲಿಂದ ಬಂತು? ಇಂಜೆಕ್ಷನ್ ಕಂಪನಿಯವರು ನೆಲದಿಂದ ಮೇಲೇರಿದೆ ಅಂದಿರುತ್ತಾರೆ. ನೆಲದ ನೀರು ಮೇಲೇರದಂತೆ ಗೋಡೆಯ ಬುಡದಲ್ಲಿ ಒಂದು ಪದರ ಹಾಕುವ ಪದ್ಧತಿ ಎಲ್ಲ ಕಡೆ ಬಂದದ್ದು 1875ರ ಪಬ್ಲಿಕ್ ಹೆಲ್ತ್ ಕಾಯಿದೆಯ ನಂತರ, ಊರೂರಿನ ಕಟ್ಟಡ ನಿಯಮಗಳ ಮೂಲಕ. ನಿಮ್ಮದು 1860ರ ದಶಕ, ಹಾಗಾಗಿ ಆ ಪದರ ಇಲ್ಲದಿರುವ ಸಾಧ್ಯತೆಯೇ ಜಾಸ್ತಿ. ಆದರೆ ಅದಿಲ್ಲದೆಯೂ ಮನೆ ಇಷ್ಟು ವರ್ಷ ನಿಂತಿದೆಯಲ್ಲ? ನೆಲದಿಂದ ಸ್ವಲ್ಪ ನೀರು ಏರುತ್ತಿತ್ತು, ಗಾರೆಯ ಮೂಲಕ ಆರಿ ಹೋಗುತ್ತಿತ್ತು. ಆ ಲೆಕ್ಕ ತಪ್ಪಿದ್ದು ಯಾವಾಗ, ಯಾವುದರಿಂದ ಅಂತ ಹುಡುಕಬೇಕು.

ಅವರು ಗೋಡೆಗೆ ಎರಡು ಮುಳ್ಳಿನ ಮೀಟರ್ ಚುಚ್ಚಿ ಕೆಂಪು ದೀಪ ತೋರಿಸಿರಬೇಕು. ಆ ಮೀಟರನ್ನು ಮರದ ತೇವ ಅಳೆಯಲು ಮಾಡಿದ್ದು. ಪ್ಲಾಸ್ಟರಿನಲ್ಲಿ ಉಪ್ಪಿದ್ದರೂ ಅದು ಕೆಂಪು ತೋರಿಸುತ್ತದೆ. ಔಷಧ ಮಾರುವವರೇ ಕಾಯಿಲೆ ಯಾವುದು ಅಂತ ಹೇಳುವ ಏರ್ಪಾಡು ಇದು, ಸುಮ್ನೆ ನಂಬಬೇಡಿ.

ಮೊದಲು ಮೇಲೆ ನೋಡಿ. ಸೂರಿನಲ್ಲಿ ಮಳೆನೀರು ಹಿಡಿಯುವ ಗಟರ್, ಅದರಿಂದ ಇಳಿಯುವ ಕೊಳವೆ. ಎರಕದ ಕಬ್ಬಿಣದ ಕೊಳವೆ ಗೋಡೆಗೆ ಅಂಟಿಕೊಂಡ ಹಿಂಬದಿಯಲ್ಲೇ ತುಕ್ಕು ಹಿಡಿದು ಸೀಳುತ್ತದೆ, ಯಾಕೆಂದರೆ ಅಲ್ಲಿಗೆ ಬಣ್ಣದ ಕುಂಚ ಹೋಗುವುದಿಲ್ಲ. ಹತ್ತು ವರ್ಷದಲ್ಲಿ ಎರಡು ಸಲ ಇಂಜೆಕ್ಷನ್ ಹಾಕಿಸಿಕೊಂಡ ಒಂದು ಮನೆಗೆ ನಾನು ಹೋಗಿದ್ದೆ. ಇಟ್ಟಿಗೆಯ ಮುಖದಲ್ಲಿ ಎರಡು ಸಾಲು ರಂಧ್ರ, ತೇವ ಮಾತ್ರ ಹಾಗೇ ಇತ್ತು. ಕೊಳವೆಯ ಹಿಂದೆ ಕನ್ನಡಿ ಹಿಡಿದು ನೋಡಿದೆವು. ಮೇಲಿಂದ ಕೆಳಗೆ ಒಂದು ಸೀಳು. ಕೊಳವೆ ಬದಲಾಯಿಸಿ, ಒಳಗಿನ ಸಿಮೆಂಟ್ ಪ್ಲಾಸ್ಟರ್ ತೆಗೆಸಿ, ಕಾದೆವು. ಒಂದಿಂಚು ಗೋಡೆ ಆರಲು ಸುಮಾರು ಒಂದು ತಿಂಗಳು ಅನ್ನುವುದು ನಮ್ಮ ಕಸುಬಿನ ಲೆಕ್ಕ, ಒಂಬತ್ತು ಇಂಚಿಗೆ ಒಂಬತ್ತು ತಿಂಗಳು. ಆ ಮನೆಯಲ್ಲಿ ಒಂದು ವರ್ಷವೇ ಹಿಡಿಯಿತು. ಆದರೆ ಆರಿತು.

ಆಮೇಲೆ ಕೆಳಗೆ ನೋಡಿ. ಇಷ್ಟು ವರ್ಷದಲ್ಲಿ ಫುಟ್‌ಪಾತ್ ಮೇಲೆ ಫುಟ್‌ಪಾತ್ ಹಾಕಿ ಬೀದಿಯ ಮಟ್ಟ ಏರಿರುತ್ತದೆ. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಕಡಿಮೆ ಅಂದರೂ ಆರು ಇಂಚು ಕೆಳಗಿರಬೇಕು. ಸಮ ಇದ್ದರೆ ಅಥವಾ ಮೇಲಿದ್ದರೆ ಅಲ್ಲೇ ಉತ್ತರ ಸಿಕ್ಕಿತು. ಗೋಡೆಯ ಬುಡದಲ್ಲಿ ರಂಧ್ರಗಳಿರುವ ಇಟ್ಟಿಗೆಗಳಿವೆಯಾ? ಅವು ಒಳಗಿನ ಹಲಗೆ ನೆಲದ ಕೆಳಗೆ ಗಾಳಿ ಆಡಲು ಬಿಟ್ಟವು. ಚಳಿ ಬರುತ್ತದೆ ಅಂತ ಯಾರೋ ಮುಚ್ಚಿರುತ್ತಾರೆ. ಮುಚ್ಚಿದರೆ ನೆಲದ ಜಂತೆಗಳ ತುದಿ ಕೊಳೆಯುತ್ತದೆ. ಹೊರಗೆ ಬುಡದಲ್ಲಿ ಎರಡಡಿ ಸಿಮೆಂಟ್ ಪಟ್ಟಿ ಬಳಿದಿದ್ದಾರಾ? ಬಳಿದಿದ್ದರೆ ನೀರು ಅದರ ಹಿಂದೆ ಸಿಕ್ಕಿಕೊಂಡು ಅದಕ್ಕಿಂತ ಮೇಲಕ್ಕೆ ಏರುತ್ತದೆ. ನೀವು ಹೇಳುವ ಮೂರಡಿ ಎತ್ತರ ಕೇಳಿದ ಕೂಡಲೇ ನನಗೆ ಮೊದಲು ಹೊಳೆದದ್ದು ಇದೇ. ಒಳಗೆ ಬೆಂಕಿಗೂಡು ಮುಚ್ಚಿದ್ದರೆ, ಅದಕ್ಕೆ ಗಾಳಿಯ ಕಿಂಡಿ ಬಿಟ್ಟಿದ್ದಾರಾ ಅಂತಲೂ ನೋಡಿ. ಒಂದು ಶತಮಾನ ಕಲ್ಲಿದ್ದಲು ಸುಟ್ಟ ಹೊಗೆಗೂಡಿನ ಗೋಡೆಯಲ್ಲಿ ಉಪ್ಪು ಕೂತಿರುತ್ತದೆ, ಅದು ಗಾಳಿಯಿಂದಲೇ ತೇವ ಎಳೆದುಕೊಳ್ಳುತ್ತದೆ.

ಇನ್ನೊಂದು ನಮ್ಮ ಮನೆಗಳಿಗೆ ಸಂಬಂಧಪಟ್ಟ ವಿಷಯ. ನಾವು ಅಡುಗೆ ಮಾಡುವ ರೀತಿಯಲ್ಲಿ ಹಬೆ ಜಾಸ್ತಿ. ಬೆಳಿಗ್ಗೆ ಇಡ್ಲಿ, ಕುಕ್ಕರ್ ಅನ್ನ, ಸಾರು ಕುದಿಯುವುದು, ಜೊತೆಗೆ ಚಳಿಗಾಲದಲ್ಲಿ ರೇಡಿಯೇಟರ್ ಮೇಲೆ ಬಟ್ಟೆ ಒಣಗಿಸುವುದು. ಆ ನೀರೆಲ್ಲ ಮನೆಯ ತಣ್ಣಗಿನ ಗೋಡೆಯ ಮೇಲೆ ಹನಿಗಟ್ಟುತ್ತದೆ. ಅಡುಗೆಮನೆಯ ಫ್ಯಾನು ಗಾಳಿಯನ್ನು ಹೊರಗೆ ಹಾಕುವಂಥದ್ದಿರಬೇಕು, ಸೋಸಿ ಒಳಗೇ ಬಿಡುವಂಥದ್ದು ಪ್ರಯೋಜನವಿಲ್ಲ. ಹೊರಗೋಡೆಯಲ್ಲಿ ಹೊಸ ರಂಧ್ರ ಕೊರೆಯಲು ಕೇಳಬೇಕಾಗುತ್ತದೆ, ಆದರೆ ಹಿಂದಿನ ಗೋಡೆಯಲ್ಲಿ ಸಣ್ಣದಕ್ಕೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಕಾರಣ ಸರಿಪಡಿಸಿದ ಮೇಲೆ ಗೋಡೆ ಕೆಲಸ. ಒಳಗಿನ ಸಿಮೆಂಟ್ ಅಥವಾ ಜಿಪ್ಸಂ ಪ್ಲಾಸ್ಟರ್ ತೇವ ಇರುವ ಕಡೆ ತೆಗೆದು ಸುಣ್ಣದ ಪ್ಲಾಸ್ಟರ್, ಅದರ ಮೇಲೆ ಸುಣ್ಣ ಅಥವಾ ಉಸಿರಾಡುವ ಬಣ್ಣ. ಹೊರಗೆ ಸಿಮೆಂಟ್ ಸಂದು ಸಡಿಲವಾಗಿದ್ದ ಕಡೆ ಉಳಿ ಸುತ್ತಿಗೆಯಲ್ಲಿ ಕೈಯಿಂದ ತೆಗೆದು ಗಾರೆ ತುಂಬಬೇಕು. ತಿರುಗುವ ಗರಗಸದ ಯಂತ್ರ ಹಿಡಿದು ಬಂದವರನ್ನು ವಾಪಸ್ ಕಳಿಸಿ, ಅದು ಇಟ್ಟಿಗೆಯ ಅಂಚನ್ನೇ ಕೊಯ್ಯುತ್ತದೆ. ಸಿಮೆಂಟ್ ಇಟ್ಟಿಗೆಗೆ ಕಚ್ಚಿ ಹಿಡಿದಿದ್ದು, ತೆಗೆದರೆ ಇಟ್ಟಿಗೆ ಒಡೆಯುತ್ತದೆ ಅನ್ನಿಸಿದರೆ ಅಲ್ಲಿ ಬಿಟ್ಟುಬಿಡುವುದೇ ಒಳ್ಳೆಯದು, ಅದು ತಾನೇ ಸಡಿಲವಾಗುವವರೆಗೆ. ಗಾರೆಗೆ ನ್ಯಾಚುರಲ್ ಹೈಡ್ರಾಲಿಕ್ ಲೈಮ್ ಅನ್ನುವ, ನೀರು ಸೇರಿಸಿದರೆ ಗಟ್ಟಿಯಾಗುವ ಸುಣ್ಣ ಚೀಲದಲ್ಲಿ ಸಿಗುತ್ತದೆ, 2, 3.5, 5 ಅಂತ ಮೂರು ಬಲ, ಅಂಕಿ ಹೆಚ್ಚಾದಷ್ಟೂ ಗಟ್ಟಿ. ನಿಮ್ಮಂಥ ಮೆದು ಇಟ್ಟಿಗೆಗೆ 5 ಬೇಡ. ಕೆಲಸ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಸಿ. 5 ಡಿಗ್ರಿಗಿಂತ ಕೆಳಗೆ ಗಾರೆ ಹಿಡಿಯುವುದಿಲ್ಲ, ಹಿಮ ಬಿದ್ದರೆ ಉದುರುತ್ತದೆ. ಹೊಸ ಗಾರೆಯ ಮೇಲೆ ಗೋಣಿತಟ್ಟು ಇಳಿಬಿಟ್ಟು ನೀರು ಚಿಮುಕಿಸುತ್ತಾರೆ, ನಮ್ಮೂರಲ್ಲಿ ಕ್ಯೂರಿಂಗ್ ಮಾಡುವ ಹಾಗೆಯೇ. ನಿಮ್ಮ ತಂದೆಯವರು ಇದನ್ನು ನೋಡಿದರೆ ಅವರಿಗೆ ಖುಷಿಯಾಗುತ್ತದೆ.

ಕಿಟಕಿಯ ವಿಷಯ. ಮೇಲೆ ಕೆಳಗೆ ಜಾರುವ ಸ್ಯಾಶ್ ಕಿಟಕಿಗಳು ಮೂಲದವಾಗಿದ್ದರೆ ತೆಗೆಯಲು ಅನುಮತಿ ಸಿಗುವುದು ಬಹಳ ಕಷ್ಟ, ಪ್ಲಾಸ್ಟಿಕ್ ಕಿಟಕಿಗೆ ಸಿಗುವುದೇ ಇಲ್ಲ ಅಂತಲೇ ಇಟ್ಟುಕೊಳ್ಳಿ. ನಾನಾದರೂ ತೆಗೆಯಬೇಡಿ ಅನ್ನುತ್ತೇನೆ. ನಿಧಾನವಾಗಿ ಬೆಳೆದ ಆ ಕಾಲದ ಮರ ಈಗ ಅಂಗಡಿಯಲ್ಲಿ ಸಿಗುವ ಮರಕ್ಕಿಂತ ಗಟ್ಟಿ. ಹಗ್ಗ ಹರಿದಿರುತ್ತದೆ, ಪಡಿಯನ್ನು ಎತ್ತಿ ಹಿಡಿಯುವ ತೂಕದ ಗುಂಡು ಚೌಕಟ್ಟಿನ ಪೆಟ್ಟಿಗೆಯೊಳಗೆ ಬಿದ್ದಿರುತ್ತದೆ, ಕೆಳಗಿನ ಪಟ್ಟಿ ಸ್ವಲ್ಪ ಕೊಳೆತಿರುತ್ತದೆ. ಎಲ್ಲಕ್ಕೂ ರಿಪೇರಿ ಇದೆ. ಸಂದಿಗೆ ಗಾಳಿ ತಡೆಯುವ ಪಟ್ಟಿ ಹಾಕಿಸಿ, ಒಳಗಡೆಯಿಂದ ಇನ್ನೊಂದು ಗಾಜಿನ ಚೌಕಟ್ಟು ಕೂರಿಸಿ, ರಾತ್ರಿ ದಪ್ಪ ಪರದೆ ಎಳೆದರೆ ಚಳಿಯೂ ಕಡಿಮೆ, ಬೀದಿಯ ಸದ್ದೂ ಕಡಿಮೆ. ಹಳೇ ಗಾಜಿನಲ್ಲಿ ಎದುರಿನ ಮನೆ ಸ್ವಲ್ಪ ಅಲೆಯಲೆಯಾಗಿ ಕಾಣುತ್ತದೆ. ಅಂಥ ಗಾಜು ಒಂದು ಉಳಿದಿದ್ದರೂ ಜೋಪಾನ ಮಾಡಿ.

ಮೇಲೆ ವೆಲ್ಶ್ ಸ್ಲೇಟ್ ಇದ್ದರೆ ಸಂತೋಷ. ರೈಲು ಬಂದ ಮೇಲೆ ವೇಲ್ಸ್‌ನ ಸ್ಲೇಟ್ ದೇಶದ ತುಂಬ ಹೋಯಿತು. ಅಳತೆಗಳಿಗೆ ಡಚೆಸ್, ಕೌಂಟೆಸ್, ಲೇಡಿ ಅಂತ ಹೆಸರು. ಕೌಂಟೆಸ್ ಅಂದರೆ ಇಪ್ಪತ್ತು ಇಂಚು ಉದ್ದ ಹತ್ತು ಇಂಚು ಅಗಲ. ಸ್ಲೇಟು ಹಾಳಾಗುವುದಕ್ಕಿಂತ ಮೊದಲು ಅದನ್ನು ಹಿಡಿದ ಮೊಳೆ ತುಕ್ಕು ಹಿಡಿಯುತ್ತದೆ, ಸ್ಲೇಟು ಜಾರುತ್ತದೆ. ಸಾಲಿನಲ್ಲಿ ಯಾರಾದರೂ ಸ್ಲೇಟ್ ತೆಗೆದು ಕಾಂಕ್ರೀಟ್ ಹಂಚು ಹಾಕಿಸಿದ್ದರೆ ಗಮನಿಸಿ. ಅದು ಹೆಚ್ಚು ಭಾರ, ಕೆಳಗಿನ ಮರ ಬಾಗುತ್ತದೆ, ಪಕ್ಕದ ಮನೆಯ ಚಾವಣಿ ಸೇರುವ ಕಡೆ ನೀರು ಸೋರುತ್ತದೆ. ನಿಮ್ಮದು ಐದನೆಯ ಮನೆ, ಎರಡೂ ಕಡೆ ನೆಂಟರಿದ್ದ ಹಾಗೆ. ನಾಲ್ಕನೆಯ ಮನೆಯ ಗಟರ್ ಕಟ್ಟಿದರೆ ನೀರು ನಿಮ್ಮ ಗೋಡೆಗೆ. ಹಂಚಿಕೊಂಡ ಗೋಡೆಯಲ್ಲಿ ಕೆಲವು ಕೆಲಸಗಳಿಗೆ, ಉದಾಹರಣೆಗೆ ತೊಲೆ ತೂರಿಸುವುದಕ್ಕೆ, 1996ರ ಪಾರ್ಟಿ ವಾಲ್ ಕಾಯಿದೆಯ ಪ್ರಕಾರ ಪಕ್ಕದವರಿಗೆ ಮೊದಲೇ ನೋಟಿಸ್ ಕೊಡಬೇಕು. ಕಾಗದಕ್ಕಿಂತ ಮುಂಚೆ ಒಂದು ಡಬ್ಬಿ ಚಕ್ಕುಲಿ ಹಿಡಿದು ಹೋಗಿ ಮಾತಾಡಿಸಿ ಬನ್ನಿ, ಕೆಲಸ ಸಲೀಸು.

ಇನ್ನು ಲಿಸ್ಟೆಡ್ ಅಂದರೆ ಏನು. ಇಂಗ್ಲೆಂಡಿನಲ್ಲಿ ಗ್ರೇಡ್ 1, ಗ್ರೇಡ್ 2 ಸ್ಟಾರ್, ಗ್ರೇಡ್ 2 ಅಂತ ಮೂರು ದರ್ಜೆ. ಪಟ್ಟಿಯಲ್ಲಿರುವ ಕಟ್ಟಡಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಗ್ರೇಡ್ 2. ದರ್ಜೆ ಕೆಳಗಿನದ್ದು ಅಂತ ನಿಯಮ ಸಡಿಲ ಅಲ್ಲ, ಕಾನೂನು ಎಲ್ಲಕ್ಕೂ ಒಂದೇ, 1990ರದ್ದು. ಹೊರಗಿನ ಮುಖ ಮಾತ್ರ ಪಟ್ಟಿಯಲ್ಲಿದೆ ಅನ್ನುವುದು ಬಹಳ ಜನರ ತಪ್ಪು ತಿಳಿವಳಿಕೆ. ಒಳಗಿನ ಮೆಟ್ಟಿಲು, ಬೆಂಕಿಗೂಡು, ಬಾಗಿಲು, ಪ್ಲಾಸ್ಟರ್, ಎಲ್ಲ ಸೇರುತ್ತದೆ. ಹಿತ್ತಲ ಹಳೇ ಕಕ್ಕಸಿನ ಗೂಡು ಕೂಡ, 1948ರ ಜುಲೈ 1ಕ್ಕೆ ಮುಂಚಿನದಾಗಿ ಮನೆಗೆ ಸೇರಿದ್ದಾಗಿದ್ದರೆ, ಸೇರಬಹುದು. ಮೊಳೆ ಹೊಡೆಯಲು ಅನುಮತಿ ಬೇಡ. ಗೋಡೆಗೆ ಫೋಟೋ ಹಾಕಿ, ದೇವರ ಗೂಡು ತೂಗುಹಾಕಿ, ಒಳಗೋಡೆಯ ಬಣ್ಣ ಬದಲಿಸಿ. ಕಟ್ಟಡದ ವಿಶೇಷ ಗುಣಕ್ಕೆ ಧಕ್ಕೆ ತರುವ ಬದಲಾವಣೆಗೆ ಅನುಮತಿ ಬೇಕು. ಇದ್ದದ್ದನ್ನು ಇದ್ದ ಹಾಗೆಯೇ, ಅದೇ ಸಾಮಾನಿನಲ್ಲಿ ರಿಪೇರಿ ಮಾಡುವುದಕ್ಕೆ ಸಾಮಾನ್ಯವಾಗಿ ಬೇಡ. ಆದರೂ ಊರಿನ ಕೌನ್ಸಿಲ್‌ನಲ್ಲಿ ಹಳೇ ಕಟ್ಟಡಗಳನ್ನು ನೋಡಿಕೊಳ್ಳುವ ಕನ್ಸರ್ವೇಶನ್ ಅಧಿಕಾರಿಗೆ ಒಂದು ಮಾತು ಬರೆದು ಕೇಳಿ, ಉತ್ತರವನ್ನು ಎತ್ತಿಟ್ಟುಕೊಳ್ಳಿ. ಅರ್ಜಿಗೆ ಶುಲ್ಕ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಅನುಮತಿ ಇಲ್ಲದೆ ಬದಲಾಯಿಸುವುದು ಅಪರಾಧ. ಅದನ್ನು ಮಾಡಿದ್ದು ಹಿಂದಿನ ಮಾಲೀಕರಾದರೂ ಸರಿಪಡಿಸಿ ಅನ್ನುವ ನೋಟಿಸ್ ಈಗಿನ ಮಾಲೀಕರಿಗೆ ಬರಬಹುದು, ಅದಕ್ಕೆ ಕಾಲದ ಮಿತಿಯೂ ಇಲ್ಲ. ಹಿಂದೆ ಪ್ಲಾಸ್ಟಿಕ್ ಕಿಟಕಿ ಇದ್ದರೆ, ಬೆಂಕಿಗೂಡು ಕಿತ್ತಿದ್ದರೆ, ಯಾವ ಅನುಮತಿಯಲ್ಲಿ ಮಾಡಿದರು ಅಂತ ಮನೆ ಕೊಳ್ಳುವ ಕಾಗದಪತ್ರ ನೋಡುವ ನಿಮ್ಮ ವಕೀಲರ (ಸಾಲಿಸಿಟರ್) ಮೂಲಕ ಕಾಗದ ಕೇಳಿ. ಕೊಳ್ಳುವ ಮುಂಚೆ, ಕೊಂಡ ಮೇಲಲ್ಲ.

ಅಡುಗೆಮನೆ ಗೋಡೆ. ಅದು ಎರಡು ಬಗೆ ಇರಬಹುದು. ಹಿಂದಿನ ಕೋಣೆಗೂ ಮೂಲದ ತೊಳೆಯುವ ಕೋಣೆಗೂ ನಡುವಿನ ಗೋಡೆಯಾದರೆ, ಅದೇ ಮನೆಯ ಹಿಂದಿನ ಗೋಡೆ. ಮೇಲಿನ ಕೋಣೆಯ ಭಾರ ಹೊತ್ತಿರುತ್ತದೆ, ಮನೆಯ ನಕ್ಷೆಯೇ ಅದರಲ್ಲಿದೆ. ಪೂರ್ತಿ ತೆಗೆಯಲು ಬಿಡುವುದಿಲ್ಲ, ಬಿಡಲೂಬಾರದು ಅಂತ ನನ್ನ ಅಭಿಪ್ರಾಯ. ಆದರೆ ಇರುವ ಬಾಗಿಲನ್ನು ಸ್ವಲ್ಪ ಅಗಲ ಮಾಡಿ, ಎರಡೂ ಕಡೆ ಗೋಡೆಯ ತುಂಡು ಉಳಿಸಿ, ಮೇಲೆ ತೊಲೆ ಕೊಟ್ಟರೆ ಒಪ್ಪುವ ಸಾಧ್ಯತೆ ಇದೆ. ಆ ಗೋಡೆ ಇತ್ತೀಚೆಗೆ ಹಾಕಿದ ತೆಳು ಗೋಡೆಯಾಗಿದ್ದರೆ ಮಾತೇ ಬೇರೆ. ತಟ್ಟಿ ನೋಡಿ, ದಪ್ಪ ಅಳೆಯಿರಿ, ಫೋಟೋ ತೆಗೆಯಿರಿ.

ಖರ್ಚಿನ ಬಗ್ಗೆ ಒಂದೇ ಮಾತು. ಲಿಸ್ಟೆಡ್ ಮನೆಯ ಅನುಮತಿ ಪಡೆದ ಬದಲಾವಣೆಗೆ ವ್ಯಾಟ್ ಇಲ್ಲ ಅಂತ ಯಾರಾದರೂ ಹೇಳಿದರೆ, ಆ ರಿಯಾಯಿತಿ 2012ರ ಅಕ್ಟೋಬರ್‌ನಲ್ಲೇ ಹೋಯಿತು. ಮನೆ ಬೆಚ್ಚಗಾಗಲು ಮೊದಲು ದುಡ್ಡು ಹಾಕಬೇಕಾದ್ದು ಅಟ್ಟದ ಮೇಲಿನ ಹೊದಿಕೆಗೆ, ಗೋಡೆಗಲ್ಲ. ಒಳಗೋಡೆಗೆ ಪ್ಲಾಸ್ಟಿಕ್ ಫೋಮ್ ಹಲಗೆ ಹೊಡೆದರೆ ಮತ್ತೆ ಅದೇ ಕಥೆ, ನೀರು ಸಿಕ್ಕಿಕೊಳ್ಳುತ್ತದೆ.

ಸರ್ವೇ ಮಾಡಿಸುವಾಗ ಏನನ್ನೂ ಮಾರದ ಸ್ವತಂತ್ರ ಸರ್ವೇಯರ್ ಬೇಕು, ಹಳೇ ಕಟ್ಟಡಗಳ ಅನುಭವ ಇರುವವರು. ಸರ್ವೇಯರ್‌ಗಳ ಸಂಸ್ಥೆಯಾದ ಆರ್‌ಐಸಿಎಸ್‌ನ ಲೆವೆಲ್ 3 ಸರ್ವೇ, ಅಂದರೆ ಅತ್ಯಂತ ವಿವರವಾದದ್ದನ್ನು ಕೇಳಿ. 1877ರಲ್ಲಿ ವಿಲಿಯಂ ಮಾರಿಸ್ ಶುರು ಮಾಡಿದ ಹಳೇ ಕಟ್ಟಡ ರಕ್ಷಣೆಯ ಸಂಸ್ಥೆ, ಸ್ಪ್ಯಾಬ್ ಅಂತ ಕರೆಯುತ್ತಾರೆ, ಗಾರೆ ಮತ್ತು ತೇವದ ಬಗ್ಗೆ ಸಾಮಾನ್ಯ ಜನರಿಗೂ ಸಲಹೆ ಕೊಡುತ್ತದೆ.

ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಜೋರು ಮಳೆ ಬರುವ ದಿನ ತಂದೆಯವರನ್ನೂ ಕರೆದುಕೊಂಡು ಕೊಡೆ ಹಿಡಿದು ಹೋಗಿ. ಎದುರಿನ ಫುಟ್‌ಪಾತ್ ಮೇಲೆ ಹದಿನೈದು ನಿಮಿಷ ನಿಂತು ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡಿ. ಗಟರ್ ತುಂಬಿ ಎಲ್ಲಿ ಸುರಿಯುತ್ತದೆ, ಕೊಳವೆಯ ಪಕ್ಕದ ಇಟ್ಟಿಗೆ ಕಪ್ಪಾಗಿದೆಯಾ, ಬುಡದಲ್ಲಿ ನೀರು ನಿಲ್ಲುತ್ತದಾ. ಗೋಡೆಯ ಬುಡದ್ದೊಂದು, ಸಂದಿನ ಹತ್ತಿರದ್ದೊಂದು, ನಾಲ್ಕನೆಯ ಮನೆಯ ಗಟರ್ ನಿಮ್ಮ ಗಟರಿಗೆ ಸೇರುವ ಕಡೆಯದ್ದೊಂದು ಫೋಟೋ ಕಳಿಸಿ. ನೋಡಿ ಹೇಳುತ್ತೇನೆ.